ದೇಶನಿಷ್ಠೆಯ ಪ್ರತಿಜ್ಞೆ: ಹೇಳುವುದೂ ಹೇಳಿಸುವುದೂ

ಒಂದು ದೇಶದ ಪ್ರಜೆಯಾದವನು ತಾನು ಆ ದೇಶಕ್ಕೆ ನಿಷ್ಠನೆಂದು ಬಾಯಿಬಿಟ್ಟು ಹೇಳಬೇಕೆ? ಹೇಳಲೇಬೇಕೆಂದು ಸರ್ಕಾರ ಅವನನ್ನು ಕಟ್ಟುಪಡಿಸಬಹುದೆ? ಮೇಲುನೋಟಕ್ಕೆ ಈ ಎರಡೂ ಒಂದೇ ಪ್ರಶ್ನೆಯೆಂದು ತೋರುತ್ತದೆ. ಆದರೆ ಮೊದಲನೆಯದಕ್ಕೆ ಹೌದೆಂದು ತಲೆದೂಗಿದ ದೇಶಭಕ್ತರೇ ಎರಡನೆಯದಕ್ಕೆ ಕೂಡದೆಂದು ಹೇಳಿದ ಸಂದರ್ಭಗಳುಂಟು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ಸ್ವಲ್ಪ ವಿಚಾರಮಾಡಿ ನೋಡೋಣ.

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಮಂತ್ರಿಗಳೂ ಶಾಸಕರೂ ನ್ಯಾಯಾಧೀಶರೂ ಅಧಿಕಾರ ವಹಿಸಿಕೊಳ್ಳುವ ಮುನ್ನ ಪ್ರಮಾಣವಚನ ಸ್ವೀಕರಿಸುವುದನ್ನು ನೀವು ರೇಡಿಯೋದಲ್ಲಿ ಕೇಳಿದ್ದೀರಿ. ಅದರ ಒಕ್ಕಣೆ ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ. ದೇವರ ಹೆಸರಿನಲ್ಲಿ ಆಣೆಯಿಡಲು ಒಪ್ಪದವರು ಸತ್ಯನಿಷ್ಠೆಯಿಂದ ದೃಢೀಕರಿಸಿ ಹೇಳುವುದಕ್ಕೂ ಅಲ್ಲಿ ಅವಕಾಶವುಂಟು. ಹೊರನಾಡಿನಿಂದ ಬಂದು ಭಾರತದ ಪೌರತ್ವವನ್ನು ಕೋರುವವರು ಕೂಡ 1955ರ ಪೌರತ್ವ ಕಾಯಿದೆಯಂತೆ ನಿಷ್ಠೆಯ ಪ್ರಮಾಣ ಮಾಡಬೇಕು. ಇವರೆಲ್ಲ ಒಂದು ಅಧಿಕಾರವನ್ನೋ ಹಕ್ಕನ್ನೋ ತಾವಾಗಿ ಬಯಸಿ ಬಂದವರು. ಕೊಡುವವರು ಪ್ರತಿಯಾಗಿ ಒಂದು ಮಾತು ಕೇಳಿದರೆ ಅದು ನ್ಯಾಯವೇ. ಇಲ್ಲಿ ಹುಟ್ಟಿ ಪ್ರಜೆಯಾದವನಿಗಾದರೋ ಪ್ರಜೆಯಾಗಿರುವುದಕ್ಕೆ ಯಾವ ಪ್ರಮಾಣವೂ ಬೇಕಾಗಿಲ್ಲ. ನಮ್ಮ ಚರ್ಚೆ ಇಂಥ ಸಾಮಾನ್ಯ ಪ್ರಜೆಯನ್ನು, ಅದರಲ್ಲಿಯೂ ಶಾಲೆಗೆ ಹೋಗುವ ಮಗುವನ್ನು, ಕುರಿತದ್ದು.

ಈ ಚರ್ಚೆ ಬಹುಕಾಲ ಕಾವೇರಿ ನಡೆದದ್ದು ಅಮೆರಿಕದಲ್ಲಿ. ಕೊಲಂಬಸನು ಆ ಖಂಡವನ್ನು ಮುಟ್ಟಿದ ನಾನ್ನೂರನೆಯ ವರ್ಷದ ಉತ್ಸವಕ್ಕೆಂದು 1892ರಲ್ಲಿ ಬಾಸ್ಟನ್ನಿನ ಒಂದು ಪತ್ರಿಕೆ ಚಿಕ್ಕದೊಂದು ಪ್ರತಿಜ್ಞೆಯನ್ನು ಪ್ರಕಟಿಸಿತು. ಅದನ್ನು ಬರೆದವನು ಫ್ರಾನ್ಸಿಸ್ ಬೆಲಾಮಿ ಎಂಬ ಪಾದ್ರಿ. ಧ್ವಜಕ್ಕೂ ಅದು ಪ್ರತಿನಿಧಿಸುವ ಗಣರಾಜ್ಯಕ್ಕೂ ನಿಷ್ಠೆಯನ್ನು ಸಾರುವ ಒಂದೇ ವಾಕ್ಯ ಅದು. ಅಂತರ್ಯುದ್ಧ ಮುಗಿದು ಇನ್ನೂ ಮೂವತ್ತು ವರ್ಷಗಳಾಗಿರಲಿಲ್ಲ. ಯೂರೋಪಿನ ನಾನಾ ದೇಶಗಳಿಂದ ಜನ ಹಡಗು ಹಡಗಾಗಿ ಬಂದಿಳಿಯುತ್ತಿದ್ದರು. ಭಾಷೆ ಬೇರೆ, ಮತ ಬೇರೆಯಾದ ಇವರ ಮಕ್ಕಳನ್ನೆಲ್ಲ ಒಂದು ಧ್ವಜದಡಿ ನಿಲ್ಲಿಸಬೇಕೆಂಬುದು ಅಂದಿನವರ ಹಂಬಲ. ಪ್ರತಿಜ್ಞೆ ಬೇಗನೆ ಶಾಲೆಗಳಲ್ಲಿ ಬೇರೂರಿತು. ಕಾಲಕ್ಕೆ ತಕ್ಕಂತೆ ಅದರ ರೂಪವೂ ಬದಲಾಯಿತು. ಮೊದಲು ಮಕ್ಕಳು ತೋಳನ್ನು ನೇರವಾಗಿ ಧ್ವಜದ ಕಡೆ ಚಾಚುತ್ತಿದ್ದರು. ಅದು ನಾಜಿಗಳ ವಂದನೆಯನ್ನು ಹೋಲುತ್ತದೆಂದು 1942ರಲ್ಲಿ ಅದನ್ನು ಬಿಟ್ಟು, ಎದೆಯ ಮೇಲೆ ಕೈಯಿಡುವ ಪದ್ಧತಿಯನ್ನು ತಂದರು. ದೇವರ ಅಧೀನದಲ್ಲಿರುವ ರಾಷ್ಟ್ರವೆಂಬ ಅರ್ಥದ ಎರಡು ಶಬ್ದಗಳು ಸೇರಿದ್ದು 1954ರಲ್ಲಿ, ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ.

ತೊಂದರೆ ಹುಟ್ಟಿದ್ದು ಒಪ್ಪದ ಮಕ್ಕಳಿಂದ. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು ದೇವರ ಹೊರತು ಬೇರೆ ಯಾವ ಚಿಹ್ನೆಗೂ ವಂದಿಸಬಾರದೆಂದು ನಂಬಿದವರು. 1935ರಲ್ಲಿ ಪೆನ್ಸಿಲ್ವೇನಿಯದ ಮೈನರ್ಸ್‌ವಿಲ್ ಎಂಬ ಊರಿನಲ್ಲಿ ಈ ಪಂಥದ ಇಬ್ಬರು ಮಕ್ಕಳು ಧ್ವಜವಂದನೆ ಮಾಡಲೊಲ್ಲದೆ ಶಾಲೆಯಿಂದ ಹೊರಬೀಳಬೇಕಾಯಿತು. ಅಕ್ಕನಿಗೆ ಹನ್ನೆರಡು ವರ್ಷ, ತಮ್ಮನಿಗೆ ಹತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1940ರ ಜೂನಿನಲ್ಲಿ ಎಂಟು ಮಂದಿ ನ್ಯಾಯಮೂರ್ತಿಗಳು ಶಾಲೆಯ ಪರವಾಗಿಯೂ ಒಬ್ಬರು ಮಾತ್ರ ಮಕ್ಕಳ ಪರವಾಗಿಯೂ ತೀರ್ಪಿತ್ತರು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್. ಅವರೇನೂ ಸ್ವಾತಂತ್ರ್ಯದ ವೈರಿಯಲ್ಲ. ವಿಯೆನ್ನಾದಲ್ಲಿ ಹುಟ್ಟಿ ಬಾಲ್ಯದಲ್ಲಿ ವಲಸೆ ಬಂದ ಯೆಹೂದಿ. ಅಲ್ಪಸಂಖ್ಯಾತರ ಕಷ್ಟವನ್ನು ಬಲ್ಲವರು. ರಾಷ್ಟ್ರದ ಭದ್ರತೆಗೆ ಐಕ್ಯವೇ ತಳಹದಿ, ಅದನ್ನು ಬೆಳೆಸುವ ಬಗೆಯನ್ನು ಶಾಲೆಗಳನ್ನು ನಡೆಸುವವರಿಗೆ ಬಿಡಬೇಕು, ನ್ಯಾಯಾಲಯ ಕೈಹಾಕಕೂಡದು ಎಂಬುದು ಅವರ ವಾದ. ಯೂರೋಪಿನಲ್ಲಿ ದೇಶಗಳು ಒಂದೊಂದಾಗಿ ಹಿಟ್ಲರನ ಪಾಲಾಗುತ್ತಿದ್ದ ಕಾಲದಲ್ಲಿ ಈ ಮಾತಿಗಿದ್ದ ತೂಕವನ್ನು ನೀವೇ ಊಹಿಸಬಹುದು.

ಆದರೆ ತೀರ್ಪಿನ ಬೆನ್ನಲ್ಲೇ ನಡೆದದ್ದೇನು? ಸಾಕ್ಷಿಗಳೆಲ್ಲ ದೇಶದ್ರೋಹಿಗಳೆಂದು ಜನ ಎಷ್ಟೋ ಊರುಗಳಲ್ಲಿ ಅವರ ಮೇಲೆ ಬಿದ್ದರು. ಮೇನ್ ಸಂಸ್ಥಾನದ ಕೆನ್ನೆಬಂಕ್ ಎಂಬಲ್ಲಿ ಅವರ ಸಭಾಮಂದಿರಕ್ಕೆ ಬೆಂಕಿಯಿಟ್ಟರು. ಪಶ್ಚಿಮ ವರ್ಜೀನಿಯದಲ್ಲಿ ವಂದಿಸದ ಮಗುವನ್ನು ಶಾಲೆಯಿಂದ ಹೊರಹಾಕುವುದಷ್ಟೇ ಅಲ್ಲ, ಮಗು ಶಾಲೆಗೆ ಬರುತ್ತಿಲ್ಲವೆಂದು ತಂದೆತಾಯಿಗಳಿಗೆ ಜುಲ್ಮಾನೆ, ಸೆರೆವಾಸಗಳನ್ನೂ ವಿಧಿಸಬಹುದಾಗಿತ್ತು. ಐಕ್ಯಕ್ಕಾಗಿ ತಂದ ನಿಯಮ ನೆರೆಹೊರೆಯವರನ್ನೇ ಒಡೆಯಿತು.

ಮೂರೇ ವರ್ಷಗಳಲ್ಲಿ ನ್ಯಾಯಾಲಯ ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡಿತು. ಬಾರ್ನೆಟ್ ಮೊಕದ್ದಮೆಯಲ್ಲಿ 1943ರ ಜೂನ್ 14ರಂದು, ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಆರು ಮಂದಿ ಮಕ್ಕಳ ಪರವಾಗಿ ನಿಂತರು. ಫ್ರಾಂಕ್‌ಫರ್ಟರ್ ಸೇರಿ ಮೂವರು ಒಪ್ಪಲಿಲ್ಲ. ಹಿಂದೆ ಶಾಲೆಯ ಪರವಾಗಿದ್ದ ಬ್ಲ್ಯಾಕ್, ಡಗ್ಲಸ್, ಮರ್ಫಿ ಈ ಮೂವರೂ ಈಗ ಮನಸ್ಸು ಬದಲಿಸಿದ್ದರು. ತೀರ್ಪನ್ನು ಬರೆದ ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ ಮುಂದೆ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿಚಾರಣೆಗೆ ಅಮೆರಿಕದ ಮುಖ್ಯ ಅಭಿಯೋಜಕರಾದವರು. ರಾಜಕೀಯದಲ್ಲಾಗಲಿ ಧರ್ಮದಲ್ಲಾಗಲಿ ಇದೇ ಸರಿಯಾದ ನಂಬಿಕೆಯೆಂದು ಗೊತ್ತುಮಾಡಿ, ಅದನ್ನು ಪ್ರಜೆಗಳ ಬಾಯಿಂದ ಹೇಳಿಸುವ ಹಕ್ಕು ಎಷ್ಟೇ ದೊಡ್ಡ ಅಧಿಕಾರಿಗೂ ಇಲ್ಲ ಎಂಬುದು ಅವರ ನಿರ್ಣಯದ ಸಾರ. ಪ್ರತಿಜ್ಞೆ ಶಾಲೆಗಳಲ್ಲಿ ಉಳಿಯಿತು, ಬಲಾತ್ಕಾರ ಹೋಯಿತು.

ಮಕ್ಕಳ ಮಾತಾಯಿತು, ದೊಡ್ಡವರ ವಿಷಯದಲ್ಲಿಯೂ ಒಂದು ಪರೀಕ್ಷೆ ನಡೆಯಿತು. ಕಮ್ಯುನಿಸ್ಟರ ಭಯ ಹಬ್ಬಿದ್ದ 1949ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿ ಅಧ್ಯಾಪಕರೆಲ್ಲ ಹೊಸದೊಂದು ನಿಷ್ಠಾಪ್ರಮಾಣಕ್ಕೆ ಸಹಿ ಹಾಕಬೇಕೆಂದು ವಿಧಿಸಿತು. ಮಾರನೆಯ ವರ್ಷ 31 ಮಂದಿ ಅಧ್ಯಾಪಕರು ಸಹಿ ಹಾಕದೆ ಕೆಲಸ ಕಳೆದುಕೊಂಡರು. 1952ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ ಮೊರೆಯಿಟ್ಟವರ ಪರವಾಗಿ ತೀರ್ಪಿತ್ತಿತು. ಹೊರಬಿದ್ದವರಲ್ಲಿ ಡೇವಿಡ್ ಸ್ಯಾಕ್ಸನ್ ಎಂಬ ಭೌತವಿಜ್ಞಾನಿ ಒಬ್ಬರು. ಅವರೇ 1975ರಲ್ಲಿ ಅದೇ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಿಜವಾಗಿ ದ್ರೋಹ ಬಗೆಯುವವನಿಗೆ ಒಂದು ಸಹಿ ಹಾಕುವುದು, ನಾಲ್ಕು ಮಾತು ಹೇಳುವುದು ಏನು ಮಹಾ? ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ ಎಂಬ ಗಾದೆ ನಮ್ಮಲ್ಲಿಲ್ಲವೆ? ತಡೆದು ನಿಲ್ಲುವವನು ಮಾತಿಗೆ ಬೆಲೆ ಕೊಡುವವನು. ಹೀಗಾಗಿ ಬಲವಂತದ ಪ್ರತಿಜ್ಞೆಯೆಂಬ ಜರಡಿಯಲ್ಲಿ ಕಳ್ಳ ದಾಟಿಹೋಗುತ್ತಾನೆ, ಪ್ರಾಮಾಣಿಕ ಸಿಕ್ಕಿಬೀಳುತ್ತಾನೆ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮ ಶಾಲೆಗಳಲ್ಲಿ ಮಕ್ಕಳು ಹೇಳುವ ಪ್ರತಿಜ್ಞೆಯನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬಾರಾವ್. ಆಗ ಅವರು ವಿಶಾಖಪಟ್ಟಣದಲ್ಲಿ ಖಜಾನೆಯ ಅಧಿಕಾರಿ. ಚೀನಾದೊಡನೆ ಯುದ್ಧ ನಡೆದ ವರ್ಷವದು. ದೇಶ ಒಂದಾಗಿ ನಿಲ್ಲಬೇಕೆಂಬ ಆತಂಕ ಎಲ್ಲರಲ್ಲಿಯೂ ಇತ್ತು. 1964ರ ಅಕ್ಟೋಬರಿನಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಲಿ ನಮ್ಮ ಬೆಂಗಳೂರಿನಲ್ಲಿಯೇ ಸಭೆ ಸೇರಿತ್ತು. ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯ ಆ ಸಭೆ ವಿದ್ಯಾರ್ಥಿಗಳು ಪ್ರತಿಜ್ಞೆ ಹೇಳುವ ಪದ್ಧತಿ ಬರಬೇಕೆಂದು ತೀರ್ಮಾನಿಸಿತು. 1965ರ ಗಣರಾಜ್ಯ ದಿನದಿಂದ ಅದು ಬಳಕೆಗೆ ಬಂತು.

ಬಲವಂತದ ಪ್ರಶ್ನೆ ನಮ್ಮಲ್ಲಿ ಎದ್ದದ್ದು ಪ್ರತಿಜ್ಞೆಯಿಂದಲ್ಲ, ರಾಷ್ಟ್ರಗೀತೆಯಿಂದ. ಆದರೆ ತತ್ತ್ವ ಒಂದೇ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದುನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಶಾಸಕರೊಬ್ಬರ ಕಣ್ಣಿಗೆ ಇದು ಬಿದ್ದು ವಿಧಾನಸಭೆಯಲ್ಲಿ ಪ್ರಶ್ನೆಯೆದ್ದಿತು. ವಿಚಾರಣೆ ನಡೆಸಿದವರು ಮಕ್ಕಳು ಕಾನೂನಿಗೆ ವಿಧೇಯರು, ಅಗೌರವ ತೋರಿದವರಲ್ಲ ಎಂದು ವರದಿ ಮಾಡಿದರು. ಆದರೂ ಮಕ್ಕಳು ಶಾಲೆ ಬಿಡಬೇಕಾಯಿತು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ಬರೆದ ತೀರ್ಪು ಆ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿತು. ರಾಷ್ಟ್ರಗೀತೆಯನ್ನು ಗೌರವಿಸಬೇಕೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ, ನಿಜ. ಎದ್ದುನಿಂತರೆ ಗೌರವ ಸಂದಂತೆಯೇ. ಬಾಯಿತೆರೆದು ಹಾಡಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಮಾತಿನ ಸ್ವಾತಂತ್ರ್ಯವೂ ಧರ್ಮದ ಸ್ವಾತಂತ್ರ್ಯವೂ ಆ ಮೌನವನ್ನು ಕಾಯುತ್ತವೆ ಎಂದಿತು ತೀರ್ಪು. ಅಮೆರಿಕದ ಆ ಎರಡು ತೀರ್ಪುಗಳನ್ನೂ ಅದು ಪರಿಶೀಲಿಸಿತ್ತು. ಮುಂದೆ 2016ರ ನವೆಂಬರಿನಲ್ಲಿ ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ನುಡಿಸಲೇಬೇಕೆಂದು ಅದೇ ನ್ಯಾಯಾಲಯ ಆಜ್ಞೆಮಾಡಿತು. 2018ರ ಜನವರಿಯಲ್ಲಿ ಅದನ್ನು ಸಡಿಲಿಸಿ, ನುಡಿಸುವುದು ಬಿಡುವುದು ಚಿತ್ರಮಂದಿರದವರ ಇಚ್ಛೆಯೆಂದಿತು.

ಬಲವಂತವನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲವೆಂದು ಮಾತ್ರ ಭಾವಿಸಬೇಡಿ. ಹಲವು ಭಾಷೆ, ಹಲವು ಮತಗಳ ಈ ದೇಶದಲ್ಲಿ ಎಲ್ಲರೂ ಒಟ್ಟಿಗೆ ಆಡುವ ಮಾತು ಒಂದಾದರೂ ಇರಲಿ ಎಂಬುದು ಸಣ್ಣ ಆಸೆಯಲ್ಲ. ಧಾರವಾಡದ ಮಗು ಕನ್ನಡದಲ್ಲಿ ಹೇಳಿದ್ದನ್ನೇ ಗುವಾಹಾಟಿಯ ಮಗು ಅಸ್ಸಾಮಿಯಲ್ಲಿ ಹೇಳುತ್ತದೆ ಎಂಬ ಅರಿವೇ ಒಂದು ನಂಟು. ಅರ್ಥ ತಿಳಿಯುವ ಮೊದಲು ಬಾಯಿಪಾಠ ಮಾಡಿದ ಮಗ್ಗಿ ಮುಂದೆ ಬಾಳಿಗೆ ಒದಗುವುದಿಲ್ಲವೆ, ಪ್ರತಿಜ್ಞೆಯೂ ಹಾಗೆಯೇ ಎನ್ನುತ್ತಾರೆ. ಸರ್ಕಾರ ತೆರಿಗೆಯನ್ನು ಒತ್ತಾಯದಿಂದಲೇ ವಸೂಲುಮಾಡುತ್ತದಲ್ಲ, ನಾಲ್ಕು ಮಾತಿಗೇಕೆ ಇಷ್ಟು ಸಂಕೋಚ ಎಂದೂ ಕೇಳುತ್ತಾರೆ.

ಈ ಕೊನೆಯ ಪ್ರಶ್ನೆಯಲ್ಲಿಯೇ ಉತ್ತರವೂ ಇದೆ. ಗೊಣಗುತ್ತ ಕೊಟ್ಟ ತೆರಿಗೆಯಿಂದಲೂ ರಸ್ತೆಯಾಗುತ್ತದೆ, ಆಸ್ಪತ್ರೆಯಾಗುತ್ತದೆ. ರೂಪಾಯಿಯ ಬೆಲೆ ಕೊಟ್ಟವನ ಮನಸ್ಸನ್ನು ನೋಡುವುದಿಲ್ಲ. ಪ್ರತಿಜ್ಞೆ ಹಾಗಲ್ಲ. ಅದರ ಬೆಲೆಯೆಲ್ಲ ಹೇಳುವವನ ಮನಸ್ಸಿನಲ್ಲಿದೆ. ಮನಸ್ಸಿಲ್ಲದೆ ಹೇಳಿದ ಪ್ರತಿಜ್ಞೆಯಿಂದ ದೇಶಕ್ಕೆ ಬಂದದ್ದು ಏನೂ ಇಲ್ಲ; ಹೇಳಿದವನಿಗೆ ಮಾತ್ರ ಸುಳ್ಳಾಡುವ ಅಭ್ಯಾಸವಾಯಿತು. ಕಾನೂನನ್ನು ಪಾಲಿಸು, ತೆರಿಗೆ ಕೊಡು, ಧ್ವಜವನ್ನು ಅವಮಾನಿಸಬೇಡ, ಇತರರು ಹಾಡುವಾಗ ಅಡ್ಡಿಮಾಡಬೇಡ ಎಂದು ಸರ್ಕಾರ ಆಜ್ಞೆ ಮಾಡಬಹುದು. ನಡತೆಯನ್ನು ಆಜ್ಞೆಯಿಂದ ಪಡೆಯಬಹುದು, ಪ್ರೀತಿಯನ್ನು ಗಳಿಸಬೇಕು.

2023ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಲು ತೀರ್ಮಾನಿಸಿತು. ಆ ವರ್ಷದ ಸೆಪ್ಟೆಂಬರ್ 15ರಂದು ರಾಜ್ಯದ ನಾನಾ ಕಡೆಗಳಲ್ಲಿ ಜನ ಒಟ್ಟಾಗಿ ನಿಂತು ಅದನ್ನು ಓದಿದರು. ಆ ಪೀಠಿಕೆ ಪ್ರಜೆಗಳಿಗೆಲ್ಲ ವಿಚಾರದ, ಮಾತಿನ, ನಂಬಿಕೆಯ ಸ್ವಾತಂತ್ರ್ಯವನ್ನು ವಚನವೀಯುತ್ತದೆ. ಅದನ್ನು ಗಟ್ಟಿಯಾಗಿ ಓದಿದವರು ಓದಲೊಲ್ಲದವನ ಸ್ವಾತಂತ್ರ್ಯವನ್ನೂ ಕಾಯುವುದಾಗಿ ಒಪ್ಪಿಕೊಂಡಂತಾಯಿತು.

ನಿಮ್ಮ ಮನೆಯ ಮಗು ಶಾಲೆಯಲ್ಲಿ ಪ್ರತಿಜ್ಞೆ ಹೇಳಿ ಬಂದ ದಿನ ಅದರ ಒಂದೊಂದು ಮಾತಿಗೂ ಅರ್ಥ ಕೇಳಿ ನೋಡಿ. ಭಾರತೀಯರೆಲ್ಲ ಒಡಹುಟ್ಟಿದವರೆಂದು ಬೆಳಿಗ್ಗೆ ಹೇಳಿದವರು, ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗನ ಡಬ್ಬಿಯಿಂದ ಒಂದು ತುತ್ತು ತಿನ್ನಲು ಮಧ್ಯಾಹ್ನ ಹಿಂಜರಿಯಬಹುದೆ ಎಂದು ಕೇಳಿ. ಸಾಲಿನಲ್ಲಿ ಒಬ್ಬ ಮಗು ಕೈಕಟ್ಟಿ ಸುಮ್ಮನೆ ನಿಂತಿದ್ದರೆ, ಅದನ್ನು ಓರೆಗಣ್ಣಿನಿಂದ ನೋಡಬಾರದೆಂದೂ ಕಲಿಸಿ. ಪ್ರತಿಜ್ಞೆಯ ಪಾಠದಲ್ಲಿ ಇದೂ ಸೇರಿದೆ.