ಒಬ್ಬಳೇ ಓಡಿದರೆ ಅದು ರೇಸ್ ಹೇಗಾಗುತ್ತೆ?

ತಟ್ಯಾನಾ ಮ್ಯಾಕ್‌ಫ್ಯಾಡೆನ್ ಹುಟ್ಟಿದ್ದು 1989ರಲ್ಲಿ, ರಷ್ಯಾದ ಲೆನಿನ್‌ಗ್ರಾಡ್‌ನಲ್ಲಿ. ಹುಟ್ಟುವಾಗಲೇ ಬೆನ್ನುಹುರಿಯ ತೊಂದರೆ ಇದ್ದು, ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ಬೆಳೆದದ್ದು ಅನಾಥಾಲಯದಲ್ಲಿ. ಅಲ್ಲಿ ವೀಲ್‌ಚೇರ್ ಇರಲಿಲ್ಲ. ಹಾಗಂತ ಈ ಹುಡುಗಿ ಮೂಲೆಯಲ್ಲಿ ಕೂರಲಿಲ್ಲ, ಕೈಗಳ ಮೇಲೇ ನಡೆಯೋದು ಕಲಿತಳು! ಆರನೇ ವಯಸ್ಸಿನ ಹೊತ್ತಿಗೆ ಅಮೆರಿಕದ ಡೆಬೊರಾ ಮ್ಯಾಕ್‌ಫ್ಯಾಡೆನ್ ಅವಳನ್ನು ದತ್ತು ತೆಗೆದುಕೊಂಡರು.

2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ, 15ನೇ ವಯಸ್ಸಿಗೇ, ಒಂದು ಬೆಳ್ಳಿ, ಒಂದು ಕಂಚು. ಆದರೆ ಊರಿಗೆ ಬಂದು ಹೈಸ್ಕೂಲ್ ತಂಡ ಸೇರಿದಾಗ ಏನಾಯ್ತು ಗೊತ್ತಾ? ಉಳಿದವರ ಜೊತೆ ಬೇಡ, ನಿನಗೆ ಬೇರೆ ರೇಸ್ ಇಡ್ತೀವಿ ಅಂದರು. ಖಾಲಿ ಟ್ರ್ಯಾಕ್‌ನಲ್ಲಿ ಅವಳೊಬ್ಬಳೇ! ಕುಟುಂಬ ಕೋರ್ಟಿಗೆ ಹೋಯಿತು. ಪರಿಹಾರವಾಗಿ ಒಂದು ಡಾಲರೂ ಕೇಳಲಿಲ್ಲ. ಕೇಳಿದ್ದು ಎಲ್ಲರ ಜೊತೆ ಓಡುವ ಹಕ್ಕು ಮಾತ್ರ. 2006ರಲ್ಲಿ ತೀರ್ಪು ಅವಳ ಪರವಾಗಿ ಬಂತು. 2008ರಲ್ಲಿ ಮೇರಿಲ್ಯಾಂಡ್ ರಾಜ್ಯ, ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೂ ಶಾಲಾ ಕ್ರೀಡೆಯಲ್ಲಿ ಅವಕಾಶ ಕೊಡಬೇಕೆಂದು ಕಾನೂನನ್ನೇ ಮಾಡಿತು.

ಆಮೇಲಿನದು ಇತಿಹಾಸ. 2013ರ ಒಂದೇ ವರ್ಷದಲ್ಲಿ ಬಾಸ್ಟನ್, ಲಂಡನ್, ಶಿಕಾಗೊ, ನ್ಯೂಯಾರ್ಕ್ ನಾಲ್ಕೂ ಮ್ಯಾರಥಾನ್‌ಗಳ ವೀಲ್‌ಚೇರ್ ವಿಭಾಗದಲ್ಲಿ ಗೆದ್ದರು. ಆವರೆಗೆ ಯಾರೂ ಇದನ್ನು ಮಾಡಿರಲಿಲ್ಲ. 2014ರಲ್ಲಿ ಅದೇ ರಷ್ಯಾದ ಸೋಚಿಯಲ್ಲಿ, ಹಿಮದ ಮೇಲೆ ಸ್ಕೀಯಿಂಗ್ ಮಾಡಿ ಬೆಳ್ಳಿ ಪದಕ!

ಇಂಜಿನಿಯರ್‌ಗಳಾಗಿ ನಾವು ಅವರ ಗಾಡಿಯನ್ನೂ ನೋಡಬೇಕಲ್ವಾ? ರೇಸಿಂಗ್ ವೀಲ್‌ಚೇರ್‌ಗೆ ಮೂರು ಚಕ್ರ. ಹಿಂದಿನ ಎರಡು ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುತ್ತವೆ. ಬುಡ ಅಗಲವಾಗುವುದರಿಂದ ತಿರುವಿನಲ್ಲಿ ಗಾಡಿ ಸುಲಭವಾಗಿ ಮಗುಚುವುದಿಲ್ಲ. ಕೈಯಿಂದ ತಳ್ಳುವ ರಿಮ್‌ನ ವ್ಯಾಸ ಚಕ್ರದ ಸುಮಾರು ಅರ್ಧದಷ್ಟು. ಬೈಕ್‌ನ ಟಾಪ್ ಗೇರ್ ಇದ್ದಂಗೆ: ಹೊರಡುವಾಗ ಕಷ್ಟ, ಆದರೆ ಕೈ ಸ್ವಲ್ಪ ಸರಿದರೂ ಚಕ್ರ ತುಂಬಾ ದೂರ ಉರುಳುತ್ತೆ. ರಿಮ್ ಅನ್ನು ಹಿಡಿಯುವುದೂ ಇಲ್ಲ, ಗಟ್ಟಿ ಗ್ಲೌಸ್ ಹಾಕಿ ಗುದ್ದುವುದು!

ಇಂಥ ಗಾಡಿ ಕಟ್ಟಬಲ್ಲ ನಮಗೆ ಒಂದು ರ‍್ಯಾಂಪ್ ಕಷ್ಟವಾಗಬಾರದು. ಲೆಕ್ಕ ಸುಲಭ, 1:12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಾಳೆ ಕ್ಲಾಸಿಗೆ ಹೋಗುವಾಗ ನಿಮ್ಮ ಡಿಪಾರ್ಟ್‌ಮೆಂಟಿನ ಬಾಗಿಲ ಹತ್ತಿರ ಒಮ್ಮೆ ಟೇಪ್ ಹಿಡಿದು ಅಳೆದು ನೋಡಿ. ರ‍್ಯಾಂಪೇ ಇಲ್ಲದಿದ್ದರೆ, ಅಲ್ಲಿಗೆ ಬರಲಾಗದೆ ಉಳಿದವರು ಯಾರು ಅಂತ ಯೋಚಿಸಿ.