ಅಲ್ಪ ಖರ್ಚಿನ ಬ್ಲೂಟೂತ್ ಆಂಪ್ಲಿಫಾಯರ್: ಆರಿಸುವ ಬಗೆ

ಮನೆಯಲ್ಲಿ ಕುಳಿತು ಹಾಡು ಕೇಳುವ ಹವ್ಯಾಸ ನಮ್ಮ ಸೀಮೆಗೆ ಹೊಸದಲ್ಲ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದಂದಿನಿಂದ ಸಂಗೀತವು ಹಳ್ಳಿಯ ಚಾವಡಿಗಳವರೆಗೂ ಹರಿದುಬಂದಿತು. ಬೆಳಗಾವಿಯ ಮಗ್ಗುಲಿನ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕನು ಮುಂದೆ ಕುಮಾರ ಗಂಧರ್ವರೆಂದು ದೇಶಕ್ಕೆಲ್ಲ ಪರಿಚಿತನಾದುದನ್ನು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅವರ ಗಾಯನವನ್ನು ನಮ್ಮ ಮನೆಗಳಲ್ಲಿ ಇಂದು ಕೇಳುವುದು ಯಾವುದರ ಮೂಲಕ? ಬಹುಮಟ್ಟಿಗೆ ಮೊಬೈಲಿನ ಹೊಟ್ಟೆಯೊಳಗಿನ, ಉಗುರಿನಗಲದ ಒಂದು ಸ್ಪೀಕರಿನ ಮೂಲಕ! ಮನೆಯ ಅಟ್ಟದ ಮೇಲೆ ಹಳೆಯ ಸ್ಪೀಕರಿನ ಜೋಡಿಯೊಂದು ಧೂಳು ತಿನ್ನುತ್ತ ಬಿದ್ದಿದ್ದರೂ ಅದಕ್ಕೆ ಜೀವ ಕೊಡುವುದು ಹೇಗೆಂಬುದು ನಮಗೆ ತಿಳಿಯದು. ಆ ಕೆಲಸಕ್ಕೆ ಬೇಕಾದ ಅಂಗೈಯಗಲದ ಬ್ಲೂಟೂತ್ ಆಂಪ್ಲಿಫಾಯರನ್ನು ಸ್ವಲ್ಪವೇ ಹಣದಲ್ಲಿ ಆರಿಸುವುದು ಹೇಗೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಾನು ಕಲಾವಿಭಾಗದ ವಿದ್ಯಾರ್ಥಿ. ವಿದ್ಯುತ್ತಿನ ವಿಷಯದಲ್ಲಿ ಬರೆಯಲು ನನಗೇನು ಅಧಿಕಾರವೆಂದು ಯಾರಾದರೂ ಕೇಳಬಹುದು. ಒಮ್ಮೆ ಮೋಸಹೋದವನ ಅಧಿಕಾರವಷ್ಟೇ ನನಗಿದೆ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಅಪ್ಪ ಖಾನಾಪುರದ ಕಡೆ ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅವರಿಗೆ ಓದಲು ಬರದು. ಕೇಳುವುದೇ ಅವರ ಓದು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವರು ಕಂತಿನ ಮೇಲೆ ಒಂದು ಮ್ಯೂಜಿಕ್ ಸಿಸ್ಟಮ್ ತಂದಿದ್ದರು. ಎರಡು ವರ್ಷದ ಹಿಂದೆ ಮೃಗಶಿರಾ ಮಳೆಯಲ್ಲಿ ಸಿಡಿಲು ಬಡಿದು ಅದರ ನಡುವಿನ ಪೆಟ್ಟಿಗೆ ಸುಟ್ಟುಹೋಯಿತು. ಸ್ಪೀಕರುಗಳು ಮಾತ್ರ ಉಳಿದವು. ಯಂತ್ರದ ಗದ್ದಲದಲ್ಲಿ ಸವೆದ ಅಪ್ಪನ ಕಿವಿಗೆ ಮೊಬೈಲಿನ ದನಿ ಸಾಲದು. ಅವರು ಅದನ್ನು ಕಿವಿಗೊತ್ತಿಕೊಂಡು ಕೂಡುವುದನ್ನು ನೋಡಲಾರದೆ, ವಿದ್ಯಾರ್ಥಿವೇತನದಲ್ಲಿ ಒಂಬೈನೂರು ರೂಪಾಯಿ ತೆಗೆದಿರಿಸಿ, ಕಾಲೇಜು ಬಿಟ್ಟ ಮೇಲೆ ಬೆಳಗಾವಿಯ ಪೇಟೆಯಲ್ಲಿ ಸುತ್ತಾಡಿ, ಬಂಗಾರದ ಬಣ್ಣದ ಒಂದು ಪೆಟ್ಟಿಗೆಯನ್ನು ಕೊಂಡೆ. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ‘1000 ವ್ಯಾಟ್’ ಎಂದು ಅಚ್ಚಾಗಿತ್ತು. ಎಂಟನೆಯ ದಿನ ಅದರಿಂದ ಸುಟ್ಟ ವಾಸನೆ ಬಂದು ಎಲ್ಲ ನಿಶ್ಶಬ್ದವಾಯಿತು. ಬಿಲ್ಲು ತೆಗೆದುಕೊಂಡಿರಲಿಲ್ಲವಾದ ಕಾರಣ ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಮತ್ತೆ ಮೊಬೈಲನ್ನು ಕಿವಿಗೊತ್ತಿಕೊಂಡರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸತ್ತ ಪೆಟ್ಟಿಗೆಯನ್ನು ಖಾನಾಪುರದ ಒಬ್ಬ ರಿಪೇರಿಯವರ ಬಳಿಗೆ ಒಯ್ದೆ. ಅವರು ಅದನ್ನು ಬಿಚ್ಚಲೂ ಇಲ್ಲ. ಅದರ ಜೊತೆಗೆ ಬಂದಿದ್ದ ಅಡಾಪ್ಟರನ್ನು ಕೈಗೆತ್ತಿಕೊಂಡು ನಕ್ಕರು. “ತಮ್ಮಾ, ಪೆಟ್ಟಿಗಿ ಮ್ಯಾಲಿನ ಅಂಕಿ ಓದಬ್ಯಾಡ, ಅಡಾಪ್ಟರ್ ಮ್ಯಾಲಿನ ಅಂಕಿ ಓದು. ಏನ್ ಬರದೈತಿ?” ಎಂದರು.

“ಹನ್ನೆರಡು ವೋಲ್ಟ್, ಒಂದು ಆಂಪಿಯರ್, ಕಾಕಾ” ಎಂದೆ.

“ಹನ್ನೆರಡು ಒಂದ್ಲೆ ಎಷ್ಟು?”

ಪದವಿಯ ಕೊನೆಯ ವರ್ಷದಲ್ಲಿದ್ದ ನನಗೆ ಆಗ ಮಗ್ಗಿಯ ಅರ್ಥ ತಿಳಿಯಿತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಒಳಗೆ ಹೋಗುವುದೇ 12 ವ್ಯಾಟ್ ಆದರೆ ಹೊರಗೆ 1000 ವ್ಯಾಟ್ ಬರುವುದೆಲ್ಲಿಂದ? ತೊಟ್ಟಿಯಲ್ಲಿ ಇಲ್ಲದ ನೀರು ನಳದಲ್ಲಿ ಬಂದೀತೆ? ಪೆಟ್ಟಿಗೆಗಳ ಮೇಲಿನ ಇಂಥ ಭಾರಿ ಅಂಕಿಗಳನ್ನು ಹಿಂದೆ ‘ಪಿ.ಎಂ.ಪಿ.ಒ.’ ಎಂಬ ಹೆಸರಿನಲ್ಲಿ ಮುದ್ರಿಸುತ್ತಿದ್ದರು. ಅದಕ್ಕೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ. ನಂಬಬೇಕಾದುದು ‘ಆರ್.ಎಂ.ಎಸ್.’ ಎಂದು ಬರೆದ, ಸತತವಾಗಿ ಕೊಡಬಲ್ಲ ವ್ಯಾಟ್ ಸಂಖ್ಯೆಯನ್ನು. ಅದನ್ನೂ ಅಡಾಪ್ಟರಿನೊಡನೆ ತಾಳೆನೋಡಿ.

ಇನ್ನು ಆರಿಸುವ ಕ್ರಮಕ್ಕೆ ಬರೋಣ.

ಮೊದಲನೆಯದಾಗಿ, ಆಂಪ್ಲಿಫಾಯರನ್ನು ನೋಡುವ ಮೊದಲು ಮನೆಯ ಸ್ಪೀಕರನ್ನು ನೋಡಬೇಕು. ಅದಕ್ಕೆ ತನ್ನದೇ ಆದ ವಿದ್ಯುತ್ ವಾಯರು ಇದ್ದರೆ ಆಂಪ್ಲಿಫಾಯರ್ ಅದರ ಒಳಗೇ ಇದೆಯೆಂದು ಅರ್ಥ, ಇನ್ನೊಂದನ್ನು ಕೊಳ್ಳಬೇಕಾಗಿಲ್ಲ. ಹಾಗಿಲ್ಲದಿದ್ದರೆ ಬೆನ್ನಿನ ಚೀಟಿಯ ಮೇಲೆ ಎರಡು ಅಂಕಿಗಳನ್ನು ಹುಡುಕಬೇಕು: ಒಂದು ಓಮ್, ಇನ್ನೊಂದು ವ್ಯಾಟ್. ಓಮ್ ಎಂಬುದು ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆ. ಮನೆಯ ಸ್ಪೀಕರುಗಳಲ್ಲಿ ಅದು ಸಾಮಾನ್ಯವಾಗಿ 4, 6 ಅಥವಾ 8 ಇರುತ್ತದೆ. ಅಂಕಿ ಕಡಿಮೆಯಾದಷ್ಟೂ ಆಂಪ್ಲಿಫಾಯರಿನಿಂದ ಹೆಚ್ಚು ವಿದ್ಯುತ್ತು ಸೆಳೆಯುತ್ತದೆ. ಆದುದರಿಂದ ನೀವು ಕೊಳ್ಳುವ ಆಂಪ್ಲಿಫಾಯರು ಅಷ್ಟು ಕಡಿಮೆ ಓಮಿಗೆ ಒಪ್ಪುವುದೇ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಬೇಕು. ಚೀಟಿ ಹರಿದುಹೋಗಿದ್ದರೆ ರಿಪೇರಿಯವರ ಮೀಟರಿನಿಂದ ಅಳೆಯಿಸಬಹುದು. ಮೀಟರು ನಿಜವಾದ ಅಂಕಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಉದಾಹರಣೆಗೆ, 8 ಓಮಿನ ಸ್ಪೀಕರು 6 ಅಥವಾ 7ರ ಸುಮಾರು ತೋರಿಸೀತು. ನಮ್ಮ ಮನೆಯವು 6 ಓಮ್, 30 ವ್ಯಾಟಿನವು.

ಎರಡನೆಯದಾಗಿ, ನಿಜವಾದ ಶಕ್ತಿಯನ್ನು ಲೆಕ್ಕ ಹಾಕುವ ಬಗೆ. ಇಂದಿನ ಚಿಕ್ಕ ಆಂಪ್ಲಿಫಾಯರುಗಳು ಬಹುಮಟ್ಟಿಗೆ ‘ಕ್ಲಾಸ್ ಡಿ’ ಎಂಬ ಜಾತಿಯವು. ಹಳೆಯ ಬಗೆಯವು ಪಡೆದ ಶಕ್ತಿಯ ಬಲುಪಾಲನ್ನು ಕಾವಾಗಿ ಕಳೆಯುತ್ತಿದ್ದವು. ಆದುದರಿಂದಲೇ ಅವುಗಳಿಗೆ ಲೋಹದ ದೊಡ್ಡ ರೆಕ್ಕೆಗಳು ಬೇಕಾಗಿದ್ದವು. ಕ್ಲಾಸ್ ಡಿ ಬಗೆಯವು ಸೆಕೆಂಡಿಗೆ ಲಕ್ಷಾಂತರ ಸಲ ವಿದ್ಯುತ್ತನ್ನು ಹಚ್ಚಿ ಆರಿಸಿ ಆ ಮೂಲಕ ಧ್ವನಿಯ ರೂಪವನ್ನು ಕಟ್ಟುತ್ತವೆ. ಕಾವಾಗಿ ಹೋಗುವುದು ನೂರಕ್ಕೆ ಹತ್ತರ ಸುಮಾರು ಮಾತ್ರ. ಅಂಗೈಯಗಲದಲ್ಲಿ ಇಷ್ಟು ಶಕ್ತಿ ಹಿಡಿಸಿದುದರ ಗುಟ್ಟು ಇದೇ. ಇಂಥವುಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ‘ಟಿಪಿಎ 3116’ ಎಂಬ ಚಿಪ್ಪು ಬಹಳ ಬಳಕೆಯಲ್ಲಿದೆ. ಅದು 4.5ರಿಂದ 26 ವೋಲ್ಟಿನವರೆಗೆ ನಡೆಯುತ್ತದೆ.

ಈ ಬಗೆಯ ಆಂಪ್ಲಿಫಾಯರು ಒಂದು ಸ್ಪೀಕರಿಗೆ ಎಷ್ಟು ಶಕ್ತಿ ಕೊಡಬಲ್ಲದೆಂಬುದಕ್ಕೆ ಒಂದು ಸರಳ ಸೂತ್ರವಿದೆ. ಅಡಾಪ್ಟರಿನ ವೋಲ್ಟನ್ನು ಅದರಿಂದಲೇ ಗುಣಿಸಿ, ಬಂದುದನ್ನು ಸ್ಪೀಕರಿನ ಓಮಿನ ಎರಡರಷ್ಟರಿಂದ ಭಾಗಿಸಬೇಕು. 12 ವೋಲ್ಟಿನಲ್ಲಿ, 6 ಓಮಿನ ಸ್ಪೀಕರಿಗೆ: 144ನ್ನು 12ರಿಂದ ಭಾಗಿಸಿದರೆ 12 ವ್ಯಾಟ್. 19 ವೋಲ್ಟಿನಲ್ಲಿ: 361ನ್ನು 12ರಿಂದ ಭಾಗಿಸಿದರೆ 30 ವ್ಯಾಟ್. 8 ಓಮಿನದಾದರೆ ಅದೇ 19 ವೋಲ್ಟಿನಲ್ಲಿ 22 ವ್ಯಾಟಿನ ಸುಮಾರು. ಇದು ಮೇಲ್ಮಿತಿ, ವ್ಯವಹಾರದಲ್ಲಿ ಸ್ವಲ್ಪ ಕಡಿಮೆಯೇ ಸಿಕ್ಕೀತು. ಇದಕ್ಕಿಂತ ಬಹಳ ಹೆಚ್ಚಿನ ಅಂಕಿ ಪೆಟ್ಟಿಗೆಯ ಮೇಲಿದ್ದರೆ, ಒಂದೋ ಅದು ಸುಳ್ಳು, ಇಲ್ಲವೆ ದನಿ ಒಡೆದುಹೋಗುವ ಸ್ಥಿತಿಯಲ್ಲಿ ಅಳೆದುದು.

ಮೂರನೆಯದಾಗಿ, ಎಷ್ಟು ವ್ಯಾಟ್ ಬೇಕು? ಇಲ್ಲಿ ನಮ್ಮ ಕಿವಿಯ ಸ್ವಭಾವವನ್ನು ತಿಳಿಯಬೇಕು. ಶಕ್ತಿಯನ್ನು ಎರಡರಷ್ಟು ಮಾಡಿದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ತುಸುವೇ ಹೆಚ್ಚೆನಿಸುತ್ತದೆ. ದನಿ ಇಮ್ಮಡಿಯಾದಂತೆ ತೋರಬೇಕಾದರೆ ಶಕ್ತಿ ಸುಮಾರು ಹತ್ತರಷ್ಟಾಗಬೇಕು. ಆದುದರಿಂದ 30 ವ್ಯಾಟಿನದಕ್ಕೂ 50 ವ್ಯಾಟಿನದಕ್ಕೂ ಕೇಳುವಾಗ ಅಂತರ ಅಲ್ಪ. ಮನೆಯ ಒಂದು ಕೋಣೆಗೆ, ಒಂದೊಂದು ಸ್ಪೀಕರಿಗೆ ನಿಜವಾದ 15-20 ವ್ಯಾಟ್ ಬಂದರೆ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ನಾಲ್ಕನೆಯದಾಗಿ, ಅಡಾಪ್ಟರು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್, 3.42 ಆಂಪಿಯರಿನ ಅಡಾಪ್ಟರು 65 ವ್ಯಾಟ್ ಕೊಡುತ್ತದೆ; ಮೇಲಿನ ಲೆಕ್ಕದ 30 ವ್ಯಾಟಿನ ಎರಡು ಸ್ಪೀಕರಿಗೆ ಅದು ಸಾಕು. ಆದರೆ ಆಂಪ್ಲಿಫಾಯರು ಅಷ್ಟು ವೋಲ್ಟನ್ನು ತಾಳುವುದೇ, ಪಿನ್ನಿನ ನಡುವಣ ಭಾಗ ಧನವೋ ಋಣವೋ ಎಂಬುದನ್ನು ಮೊದಲು ನೋಡಬೇಕು. ಹೊಸದನ್ನು ಕೊಳ್ಳುವುದಾದರೆ ಬಿ.ಐ.ಎಸ್. ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರುವುದನ್ನೇ ಕೊಳ್ಳಿರಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಯನ್ನು ಬಲ್ಲ ಖಾನಾಪುರದವರಿಗೆ ಇನ್ನೊಂದು ಮಾತು: 12 ವೋಲ್ಟಿಗೂ ಒಪ್ಪುವ ಆಂಪ್ಲಿಫಾಯರಾದರೆ ಕರೆಂಟು ಹೋದಾಗ ಒಂದು 12 ವೋಲ್ಟಿನ ಬ್ಯಾಟರಿಯ ಮೇಲೂ ನಡೆದೀತು. ಸಿಡಿಲಿನ ಹೊತ್ತಿನಲ್ಲಿ ಮಾತ್ರ ಅಡಾಪ್ಟರಿನ ಪ್ಲಗ್ಗನ್ನು ಕಿತ್ತಿಡುವುದೇ ಲೇಸು.

ಐದನೆಯದಾಗಿ, ಬ್ಲೂಟೂತ್. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು ಇದು. ಆತನು ಚದುರಿದ ಜನರನ್ನು ಒಂದುಗೂಡಿಸಿದಂತೆ ಬೇರೆ ಬೇರೆ ಯಂತ್ರಗಳನ್ನು ಒಂದುಗೂಡಿಸುವುದೆಂದು ಈ ಹೆಸರಿಟ್ಟರು. 2.4 ಗಿಗಾಹರ್ಟ್ಸಿನ ರೇಡಿಯೋ ಅಲೆಗಳ ಮೇಲೆ ಇದು ನಡೆಯುತ್ತದೆ. ಚಿಕ್ಕ ಪೆಟ್ಟಿಗೆಗಳಲ್ಲಿ ಸುಮಾರು 10 ಮೀಟರಿನವರೆಗೆ ಚೆನ್ನಾಗಿ ಮುಟ್ಟುತ್ತದೆ. ನಮ್ಮ ದಪ್ಪ ಗೋಡೆಗಳು ನಡುವೆ ಬಂದರೆ ಅಷ್ಟೂ ಇಲ್ಲ. ಪೆಟ್ಟಿಗೆಯ ಮೇಲೆ ‘5.0’ ಎಂದೋ ‘5.3’ ಎಂದೋ ಇದ್ದ ಮಾತ್ರಕ್ಕೆ ಹಾಡು ಇಂಪಾಗದು. ಧ್ವನಿಯ ಗುಣ ನಿಂತಿರುವುದು ಅದನ್ನು ಕಟ್ಟಿ ಕಳಿಸುವ ‘ಕೊಡೆಕ್’ ಎಂಬ ವಿಧಾನದ ಮೇಲೆ. ಎಸ್.ಬಿ.ಸಿ. ಎಂಬುದು ಎಲ್ಲದರಲ್ಲಿಯೂ ಇರುತ್ತದೆ. ಸಾಮಾನ್ಯ ಕೇಳುಗರಿಗೆ ಅದು ಸಾಕು. ಎ.ಎ.ಸಿ. ಅಥವಾ ಆಪ್ಟ್‌ಎಕ್ಸ್ ಇದ್ದರೆ ಒಳ್ಳೆಯದು, ಆದರೆ ಮೊಬೈಲಿನಲ್ಲಿಯೂ ಅದೇ ಇರಬೇಕು. ಇದಕ್ಕಿಂತ ಮುಖ್ಯವಾದುದು ವಾಯರು ಚುಚ್ಚುವ ಆಕ್ಸ್ ಕಿಂಡಿ. ಬ್ಲೂಟೂತ್ ಕೈಕೊಟ್ಟ ದಿನ ಅದೇ ಗತಿ.

ಕೊನೆಯದಾಗಿ ಜೋಡಣೆಯ ಬಗ್ಗೆ ಒಂದು ಎಚ್ಚರಿಕೆ. ಈ ಆಂಪ್ಲಿಫಾಯರುಗಳಲ್ಲಿ ಪ್ರತಿಯೊಂದು ಸ್ಪೀಕರಿನ ಎರಡೂ ವಾಯರುಗಳಲ್ಲಿ ಧ್ವನಿಯ ವಿದ್ಯುತ್ತು ಹರಿಯುತ್ತಿರುತ್ತದೆ. ಆದುದರಿಂದ ಎಡಬಲಗಳ ಋಣ ವಾಯರುಗಳನ್ನು ಒಂದಕ್ಕೊಂದು ಕೂಡಿಸಬಾರದು. ನೆಲದ ವಾಯರಿಗೂ ಸೇರಿಸಬಾರದು. ಕೂಡಿಸಿದರೆ ಚಿಪ್ಪು ಸುಟ್ಟೀತು. ದನಿ ಬಿರಿಯತೊಡಗಿದರೆ ಕೂಡಲೇ ತಗ್ಗಿಸಬೇಕು. ಬಿರಿದ ದನಿಯೇ ಚಿಕ್ಕ ಟ್ವೀಟರುಗಳನ್ನು ಸುಡುತ್ತದೆ. ಇನ್ನು ಬಿಲ್ಲು! ಐವತ್ತು ರೂಪಾಯಿ ಕಡಿಮೆಯಾಗುವುದೆಂಬ ಆಸೆಗೆ ಅದನ್ನು ಬಿಡಬೇಡಿರಿ. ಹಾಗೆ ಬಿಟ್ಟವನು ಬರೆಯುತ್ತಿರುವ ಮಾತಿದು.

ದೀಪಾವಳಿಯ ಸೂಟಿಯಲ್ಲಿ ಎರಡು ವಾರ ಒಂದು ಅಂಗಡಿಯಲ್ಲಿ ದುಡಿದು, ಬಂದ ಹಣದಲ್ಲಿ ಮೇಲಿನ ಚಿಪ್ಪುಳ್ಳ, ಯಾವ ಬಂಗಾರದ ಬಣ್ಣವೂ ಇಲ್ಲದ ಕರಿಯ ಪೆಟ್ಟಿಗೆಯೊಂದನ್ನು 1400 ರೂಪಾಯಿಗೆ ಕೊಂಡೆ. ಅದರ ಮೇಲೆ ‘50 ವ್ಯಾಟ್’ ಎಂದಷ್ಟೇ ಇತ್ತು. ಅದೂ ಯಾವ ವೋಲ್ಟಿನಲ್ಲಿ, ಎಷ್ಟು ಓಮಿಗೆ ಎಂಬುದನ್ನು ಕೆಳಗೇ ಬರೆದಿದ್ದರು. ಲ್ಯಾಪ್‌ಟಾಪಿನ ಹಳೆಯ ಅಡಾಪ್ಟರನ್ನು ಖಾನಾಪುರದ ಆ ಕಾಕಾ ಪರೀಕ್ಷಿಸಿ 250 ರೂಪಾಯಿಗೆ ಕೊಟ್ಟರು. ಸಂಜೆ ಅಟ್ಟದ ಮೇಲಿನ ಸ್ಪೀಕರುಗಳನ್ನು ಇಳಿಸಿ, ಅವ್ವ ಧೂಳು ಒರೆಸಿಕೊಟ್ಟ ಮೇಲೆ ವಾಯರು ಜೋಡಿಸಿ, ಕುಮಾರ ಗಂಧರ್ವರ ಒಂದು ಭಜನೆಯನ್ನು ಹಚ್ಚಿದೆ. ಅಪ್ಪ ಅದನ್ನು ಮೊಬೈಲಿನಲ್ಲಿ ಎಷ್ಟೋ ಸಲ ಕೇಳಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರಾಗ ಡಗ್ಗಾ ಐತೇನೋ!” ಎಂದರು. ಮೊಬೈಲಿನ ಚಿಕ್ಕ ಸ್ಪೀಕರಿನಿಂದ ಡಗ್ಗಾದ ತಗ್ಗಿನ ನಾದ ಹೊರಡಲಾರದು. ಎರಡು ವರ್ಷ ಅವರು ಅರ್ಧ ಹಾಡನ್ನಷ್ಟೇ ಕೇಳಿದ್ದರೆಂಬುದು ನನಗೆ ಆಗ ಹೊಳೆಯಿತು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಚೀಟಿಯ ಮೇಲಿನ ಅಕ್ಷರವನ್ನು ಓದಬಲ್ಲವರು ನಾವೇ ಮೊದಲಿಗರು. ಔಷಧದ ಬಾಟಲಿ, ಗೊಬ್ಬರದ ಚೀಲ, ಬ್ಯಾಂಕಿನ ಕಾಗದ, ಎಲ್ಲವನ್ನೂ ಮನೆಯವರು ನಮ್ಮ ಕೈಗೇ ಕೊಡುತ್ತಾರೆ. ದೊಡ್ಡ ಅಕ್ಷರವನ್ನು ಯಾರಾದರೂ ಓದಿಯಾರು. ಕೆಳಗಿನ ಸಣ್ಣ ಅಕ್ಷರವನ್ನು ಓದಿ, ಮಗ್ಗಿ ಹಾಕಿ, ಆಮೇಲೆ ಜೇಬಿಗೆ ಕೈಹಾಕೋಣ.