ಅರಬ್ಬಿ ಅಕ್ಷರ, ಮಲೆಯಾಳ ನುಡಿ

ಮಲಬಾರಿನ ಊರುಗಳಲ್ಲಿ ಬೆಳಗಾಗುತ್ತಲೇ ಟೊಪ್ಪಿಗೆ, ತಲೆವಸ್ತ್ರ ಧರಿಸಿದ ಮಕ್ಕಳು ಮದ್ರಸದ ಹಾದಿ ಹಿಡಿಯುತ್ತಾರೆ. ಶಾಲೆಯ ಗಂಟೆಗೆ ಮುನ್ನ ದೊರೆಯುವ ಒಂದೆರಡು ತಾಸುಗಳೇ ಅಲ್ಲಿನ ಪಾಠದ ಕಾಲ. ಅವರ ಕೈಯಲ್ಲಿರುವ ಪುಸ್ತಕ ಕಣ್ಣಿಗೆ ಅರಬ್ಬಿ. ಓದಿಸಿ ಕೇಳಿದರೆ ಅಪ್ಪಟ ಮಲೆಯಾಳ! ವಾಚಕರಿಗೆ ಸೋಜಿಗವೆನಿಸಬಹುದಾದ ಈ ಬರಹವೇ ಅರಬ್ಬಿ-ಮಲೆಯಾಳ.

ಅರಬ್ಬಿಯ 28 ಅಕ್ಷರಗಳಲ್ಲಿ ಪಕಾರವಿಲ್ಲ, ಚಕಾರವಿಲ್ಲ, ಳಕಾರದ ಮಾತಂತೂ ದೂರ. ಇದ್ದ ಅಕ್ಷರಗಳಿಗೇ ಚುಕ್ಕೆ ಗೀಟುಗಳನ್ನು ಕೂಡಿಸಿ ಮಾಪಿಳ್ಳೆ ವಿದ್ವಾಂಸರು ಈ ಕೊರತೆಯನ್ನು ನೀಗಿದರು. ಕಲ್ಲಿಕೋಟೆಯ ಖಾಜಿ ಮುಹಮ್ಮದರು 1607ರಲ್ಲಿ ರಚಿಸಿದ ‘ಮುಹಿಯುದ್ದೀನ್ ಮಾಲೆ’ಯು ಈ ಲಿಪಿಯಲ್ಲಿ ಕಾಲ ತಿಳಿದಿರುವ ಕೃತಿಗಳಲ್ಲಿ ಅತ್ಯಂತ ಹಳೆಯದು. ಬಾಗ್ದಾದಿನ ಸಂತ ಅಬ್ದುಲ್ ಖಾದಿರ್ ಜೀಲಾನಿಯವರ ಮಹಿಮೆಯನ್ನು ಸಾರುವ ಈ ಹಾಡನ್ನು ಮುಸ್ಸಂಜೆಯಲ್ಲಿ ಮನೆಮಂದಿ ಹೇಳಿಕೊಳ್ಳುವುದು ತಲೆಮಾರುಗಳ ರೂಢಿ. ಮಲೆಯಾಳ ಲಿಪಿಯನ್ನೇ ಅರಿಯದ ಎಷ್ಟೋ ತಾಯಂದಿರು ಇದನ್ನು ಓದಬಲ್ಲವರಾಗಿದ್ದರು. ಆ ವಿದ್ಯೆ ಕೊಟ್ಟದ್ದು ‘ಓತ್ತುಪಳ್ಳಿ’ ಎಂಬ ಹಳ್ಳಿಯ ಪಾಠಶಾಲೆ. ಮಣ್ಣು ಬಳಿದ ಮರದ ಹಲಗೆಯೇ ಅಲ್ಲಿ ಪುಸ್ತಕ, ‘ಮೊಲ್ಲಾಕ’ನೇ ಗುರು.

ಬ್ರಿಟಿಷರ ಆಳ್ವಿಕೆಯಲ್ಲಿ ಹಲವು ಓತ್ತುಪಳ್ಳಿಗಳು ಸರ್ಕಾರದ ಶಾಲೆಗಳೊಡನೆ ಬೆಸೆದುಕೊಂಡವು. ಸ್ವಾತಂತ್ರ್ಯಾನಂತರ ಸರ್ಕಾರಿ ಶಾಲೆಗಳಿಂದ ಮತಬೋಧೆ ಹೊರಬಿದ್ದಿತು. 1926ರಲ್ಲಿ ಹುಟ್ಟಿದ ಸಮಸ್ತ ಕೇರಳ ಜಂಇಯ್ಯತುಲ್ ಉಲಮಾ ಎಂಬ ವಿದ್ವಾಂಸರ ಸಂಸ್ಥೆಯು 1951ರಲ್ಲಿ ಶಿಕ್ಷಣ ಮಂಡಲಿಯೊಂದನ್ನು ರಚಿಸಿ, ಊರೂರಿನ ಮದ್ರಸಗಳಿಗೆ ಒಂದೇ ಪಾಠಕ್ರಮವನ್ನು ಒದಗಿಸಿತು. ಸಂಪ್ರದಾಯವನ್ನು ಉಳಿಸುವುದೆಂದರೇನೋ ಸರಿ, ಆದರೆ ಯಾವುದನ್ನು? ಮಾಲೆ, ಮೌಲೂದುಗಳು ಮತಕ್ಕೆ ಸಲ್ಲವೆಂದು ಸುಧಾರಣಾವಾದಿಗಳು ವಾದಿಸಿದರು; ಸಮಸ್ತದವರು ಅವುಗಳ ಪರ ನಿಂತರು. ಈ ವಾದ ಇನ್ನೂ ಮುಗಿದಿಲ್ಲ.

ನಮ್ಮ ದಕ್ಷಿಣ ಕನ್ನಡದ ಬ್ಯಾರಿ ಮಕ್ಕಳಿಗೂ ಈ ಲಿಪಿ ಹೊಸತಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬ್ಬಿ ಅಕ್ಷರದ ಮಲೆಯಾಳ! ಬೆಳಗಿನೊಳಗೆ ಮೂರು ನುಡಿಗಳನ್ನು ದಾಟುವ ಈ ಎಳೆಯರ ಜಾಣ್ಮೆಯನ್ನು ಗಮನಿಸಿದವರು ವಿರಳ.

2025ರಲ್ಲಿ ಕೇರಳ ಸರ್ಕಾರವು ಪ್ರೌಢಶಾಲೆಗಳ ವೇಳೆಯನ್ನು ದಿನಕ್ಕೆ ಅರ್ಧ ಗಂಟೆ ಹೆಚ್ಚಿಸಿತು. ಅದರಲ್ಲಿ ಬೆಳಗಿನ ಪಾಲು ಕಾಲು ಗಂಟೆ. ಮದ್ರಸದ ಪಾಠಕ್ಕೆ ಅಡ್ಡಿಯಾಗುವುದೆಂದು ಸಮಸ್ತದವರು ಬಲವಾಗಿ ಆಕ್ಷೇಪಿಸಿದರು. ಕಾಲು ಗಂಟೆಗೆ ಇಷ್ಟು ಗದ್ದಲವೇ ಎಂದು ಯಾರಾದರೂ ಕೇಳಬಹುದು. ಆದರೆ ಮಾಪಿಳ್ಳೆಯರ ಇಂದಿನ ದಿನಪತ್ರಿಕೆ, ಕಾದಂಬರಿ, ಅಂಗಡಿಯ ನಾಮಫಲಕ ಎಲ್ಲವೂ ಮಲೆಯಾಳ ಲಿಪಿಯಲ್ಲಿವೆ. ಹಳೆಯ ಲಿಪಿಗೆ ನಿತ್ಯದ ಬಳಕೆ ಉಳಿದಿರುವುದು ಬಹುಮಟ್ಟಿಗೆ ಆ ಬೆಳಗಿನ ಪಾಠದಲ್ಲಿಯೇ.